ಅವನ ಲೆಕ್ಕಕ್ಕೆ ಸಿಗದ ಕೋಣೆ

ಚಿಜುರು ಬಾಡಿಗೆ ಕೊಡಲು ಪರ್ಸ್ ತೆರೆಯುವಷ್ಟರಲ್ಲಿ ಹೋಟೆಲಿನ ಫೋನು ರಿಂಗಾಯಿತು. ಕೌಂಟರಿನ ಅಜ್ಜಿ ರಿಸೀವರ್ ಎತ್ತಿ, "ಹೆಣ್ಣುಮಗು ಜೊತೆ ಬಂದಿರೋ ಹೆಂಗಸಾ?" ಎನ್ನುತ್ತ ತಲೆಯೆತ್ತಿದಳು. ಚಿಜುರು ಮಗಳನ್ನು ತನ್ನ ಬೆನ್ನ ಹಿಂದಕ್ಕೆ ಎಳೆದುಕೊಂಡಳು. ಗಂಡನ ಹೊಡೆತ ತಾಳಲಾರದೆ ಅಂದು ಬೆಳಿಗ್ಗೆಯೇ ಮಗಳೊಂದಿಗೆ ಕೋಬೆಯಿಂದ ಪಕ್ಕದ ಒಸಾಕಾ ನಗರಕ್ಕೆ ಓಡಿಬಂದಿದ್ದಳು.

ಅಜ್ಜಿ ಅವಳ ಒಡೆದ ತುಟಿಯನ್ನು ನೋಡಿದಳು. "ಇಲ್ಲಪ್ಪ, ಇಲ್ಲಿಗೆ ಬರೋರೆಲ್ಲ ಕೂಲಿ ಗಂಡಸರೇ," ಎಂದು ಫೋನಿಟ್ಟಳು. "ನಿನ್ನ ಗಂಡನೇನಮ್ಮ? ಈ ಬೀದಿಯ ಅಗ್ಗದ ಹೋಟೆಲ್‌ಗಳನ್ನೆಲ್ಲ ವಿಚಾರಿಸ್ತಿದ್ದಾನಂತೆ."

"ನನ್ನ ಹತ್ರ ಎಷ್ಟು ದುಡ್ಡಿದೆ ಅಂತ ಅವ್ರಿಗೆ ಗೊತ್ತು ಅಜ್ಜಿ. ಮನೆಖರ್ಚಿಗೆ ಎಣಿಸಿ ಕೊಡೋರು ಅವ್ರೇ. ಆ ದುಡ್ಡಿಗೆ ಇಂಥ ಬೀದಿಗೇ ಬರ್ತೀನಿ ಅಂತ ಲೆಕ್ಕ ಹಾಕಿರ್ತಾರೆ." ಎಂದಳು ಚಿಜುರು.

"ಹಾಗಾದ್ರೆ ಅವನಿಗೆ ಹೊಳೆಯದ ಜಾಗಕ್ಕೆ, ಸ್ಟೇಷನ್ ಎದುರಿನ ದೊಡ್ಡ ಹೋಟೆಲ್‌ಗೆ ಹೋಗು."

"ಒಂದೇ ರಾತ್ರಿಗೆ ಎಲ್ಲಾ ಖಾಲಿಯಾಗತ್ತೆ!"

"ಆಗ್ಲಿ ಬಿಡು. ನಾಳೆ ಬೆಳಿಗ್ಗೆ ನಾನೇ ಬಂದು ಹೆಂಗಸರ ಆಶ್ರಯಧಾಮಕ್ಕೆ ಸೇರಿಸ್ತೀನಿ. ಅವನು ಇಲ್ಲಿಗೇ ಬಂದ್ರೆ ತಡೆಯೋಕೆ ನನ್ನ ಕೈಲಾಗಲ್ಲ. ಹಿಂದಿನ ಬಾಗಿಲಿಂದ ಹೋಗು."

ಬೀದಿಯಲ್ಲಿ ಹಿಂದೆ ಕೇಳಿದ ಪ್ರತಿ ಹೆಜ್ಜೆಯ ಸದ್ದಿಗೂ ಚಿಜುರು ಮಗಳ ಕೈಯನ್ನು ಬಿಗಿಹಿಡಿದಳು. ಹೊಳೆಯುವ ನೆಲದ ಆ ದೊಡ್ಡ ಹೋಟೆಲಿನ ಕೌಂಟರಿನವರು, "ಎಷ್ಟು ದಿನಕ್ಕೆ ಮೇಡಂ?" ಎಂದು ಕೇಳಿದರು.

"ಇವತ್ತೊಂದು ರಾತ್ರಿಗೆ," ಎಂದು ಚಿಜುರು ಇದ್ದ ನೋಟುಗಳನ್ನೆಲ್ಲ ಮುಂದಿಟ್ಟಳು. ಮದುವೆಯಾದ ಮೇಲೆ ಮೊದಲ ಸಲ, ಅವಳು ಎಲ್ಲಿದ್ದಾಳೆಂದು ಗಂಡನಿಗೆ ಊಹಿಸಲೂ ಸಾಧ್ಯವಿರಲಿಲ್ಲ.