ಮೇಲೊಂದು ಶ್ರೀ

"ಮೇಲಿನವರು ಬೇಡ ಅಂದಿದಾರೆ ವಿಶಾಲಮ್ಮ," ಎಂದರು ಅಧಿಕಾರಿ ಶ್ರೀನಿವಾಸಯ್ಯ.

"ಮೇಲಿನವನು ಬೇಕು ಅಂತಾನಲ್ಲ ಸಾರ್," ಎಂದರು ಟೈಪಿಸ್ಟ್ ವಿಶಾಲಮ್ಮ.

ಚಾಮರಾಜಪೇಟೆಯ ಆ ಸರ್ಕಾರಿ ಕಚೇರಿಗೆ ಇ-ಮೇಲ್ ಬಂದದ್ದು ಹೊಸದು. ನೆತ್ತಿಯಲ್ಲಿ 'ಶ್ರೀ' ಇಲ್ಲದೆ ತರಗುಪೇಟೆಯ ದಿನಸಿ ಚೀಟಿಯನ್ನೂ ಬರೆದವರಲ್ಲ ವಿಶಾಲಮ್ಮ. ಮೇಲ್‌ಗೂ ಮೇಲೊಂದು ಶ್ರೀ ಕೂರಿಸಿಯೇ ಕಳಿಸುತ್ತಿದ್ದರು. ಸರ್ಕಾರಿ ಮೇಲ್‌ನಲ್ಲಿ ದೇವರು ದಿಂಡರು ಕೂಡದೆಂದು ಈಗ ಹೆಡ್ಡಾಫೀಸಿನಿಂದ ಸುತ್ತೋಲೆ ಬಂದಿತ್ತು.

"ಇನ್ನೊಂದು ಶ್ರೀ ಕಂಡ್ರೆ ನಿಮಗೆ ಮೆಮೊ ಕೊಡ್ಬೇಕಾಗುತ್ತೆ. ಪ್ರಮೋಷನ್ ಬರೋ ಹೊತ್ತಲ್ಲಿ ಯಾಕ್ ಬೇಕು ಹೇಳಿ? ಎಲ್ಲೂ ಇರಬಾರ್ದು. ತೆಗೆದ್ಬಿಡಿ!"

"ಶ್ರೀ ಇಲ್ದೆ ಕಳಿಸಿದ್ರೆ ಹೋಗಿ ಸೇರುತ್ತಾ ಸಾರ್?"

ಸಾಹೇಬರು ಒಳಗೆ ಹೋದದ್ದೇ ತಡ, ಪಕ್ಕದ ಮೇಜಿನ ಮಂಜುನಾಥ್ ಅವರದೇ ಮೂಗುದನಿಯಲ್ಲಿ "ಎಲ್ಲೂ ಇರಬಾರ್ದೂ... ತೆಗೆದ್ಬಿಡೀ..." ಎಂದು ಅಣಕಿಸಿ, ಒಂದೇ ಗುಂಡಿಗೆ ಶ್ರೀಗಳನ್ನೆಲ್ಲ ಅಳಿಸುವ ವಿದ್ಯೆ ಹೇಳಿಕೊಟ್ಟ. ವಿಶಾಲಮ್ಮ ಕೆನ್ನೆ ಬಡಿದುಕೊಂಡು, ಕಣ್ಣುಮುಚ್ಚಿ ಒತ್ತಿದರು. ಅಂದು ಕಳಿಸಬೇಕಿದ್ದ ಸಿಬ್ಬಂದಿ ಪಟ್ಟಿ ಹಾಗೇ ಹೆಡ್ಡಾಫೀಸಿಗೆ ಹೋಯಿತು.

ಊಟದ ಹೊತ್ತಿಗೆ ಉತ್ತರ ಬಂತು: 'ನಿಮ್ಮ ಕಚೇರಿಯ ಮುಖ್ಯಸ್ಥರೆಂದು ತೋರಿಸಿರುವ ನಿವಾಸಯ್ಯ ಎಂಬುವರು ಯಾರು?' ಗಾಬರಿಯಿಂದ ಪಟ್ಟಿ ತೆರೆದರೆ, ಶ್ರೀಕಂಠಪ್ಪ ಬರೀ ಕಂಠಪ್ಪ; ಶ್ರೀಮತಿಯರೆಲ್ಲ ಬರೀ ಮತಿ.

"ನನ್ನ ಶ್ರೀ ಎಲ್ರೀ?" ಶ್ರೀನಿವಾಸಯ್ಯ ಗುಡುಗಿದರು.

"ಎಲ್ಲೂ ಇರಬಾರ್ದು ಅಂದ್ರಲ್ಲ ಸಾರ್."

"ಅದು ದೇವರಲ್ಲಮ್ಮಾ, ನನ್ನ ಹೆಸರು!"

"ನಿಮ್ಮ ಹೆಸರೇ ದೇವರದ್ದಲ್ವಾ ಸಾರ್?"

ಮಂಜುನಾಥ್ ಕೆಮ್ಮು ಬಂದವನಂತೆ ಕಿಟಕಿಗೆ ತಿರುಗಿದ. ಶ್ರೀನಿವಾಸಯ್ಯ ಮುಖ ಕೆಂಪಗೆ ಮಾಡಿಕೊಂಡು, ಬಿಳಿ ಹಾಳೆ ಎಳೆದು, ಸರಸರನೆ ಮೆಮೊ ಗೀಚಿ ಮುಂದೆ ಹಿಡಿದರು.

"ಟೈಪ್ ಮಾಡಿ ತನ್ನಿ."

ಕಚೇರಿಗೆಲ್ಲ ಇದ್ದದ್ದು ಒಬ್ಬರೇ ಟೈಪಿಸ್ಟು. ತಮ್ಮ ಮೆಮೊ ತಾವೇ ಟೈಪ್ ಮಾಡಬೇಕು. ವಿಶಾಲಮ್ಮ ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡರು. 'ಇನ್ನು ಮುಂದೆ ಯಾವುದೇ ಪತ್ರದ ಮೇಲ್ಭಾಗದ ಶ್ರೀಯನ್ನು ಮಾತ್ರ ಅಳಿಸತಕ್ಕದ್ದು...' ಎಂದು ಶುರುವಾಗಿತ್ತು. ಓದುತ್ತಿದ್ದವರ ಕಣ್ಣು ಒಂದಿಷ್ಟು ಮೇಲಕ್ಕೆ ಹೋಗಿ ನಿಂತಿತು. ತುಟಿಯಂಚಿನಲ್ಲಿ ನಗು ಮೂಡಿತು.

ಹಾಳೆಯ ನೆತ್ತಿಯಲ್ಲಿ, ನಟ್ಟನಡುವೆ, ಸಾಹೇಬರ ದುಂಡು ಅಕ್ಷರದಲ್ಲಿ ಶಾಯಿ ಇನ್ನೂ ಆರದೆ ಕೂತಿದ್ದ 'ಶ್ರೀ'ಯ ಪಕ್ಕ ಬೆರಳಿಟ್ಟು, ಮೆಲ್ಲಗೆ ಕೇಳಿದರು:

"ಮೇಲಿಂದಾನೇ ಟೈಪ್ ಮಾಡ್ಲಾ ಸಾರ್?"