ಮೆತ್ತನೆಯ ಬಟ್ಟೆ

ಎದುರಿನಿಂದ ಬಂದ ಲಾರಿಯ ಬೆಳಕು ಮುಖಕ್ಕೆ ರಾಚಿದ್ದೇ ತಡ, ಸೂಲಗಿತ್ತಿ ಕಾರನ್ನು ರಸ್ತೆಯ ಅಂಚಿಗೆ ಎಳೆದು ಬ್ರೇಕ್ ಒತ್ತಿಬಿಟ್ಟಳು. ಮುಂದಿನ ಗಾಜಿನ ತುಂಬ ಹಾಲು ಚೆಲ್ಲಿದಂತೆ ಬಿಳುಪು ಹರಡಿ, ರಸ್ತೆ, ಮರ, ಅಂಚಿನ ಗೆರೆ ಎಲ್ಲವೂ ಅದರಲ್ಲಿ ಮುಳುಗಿದ್ದವು. ಲಾರಿ ಭರ್ರೆಂದು ಹಾದುಹೋಯಿತು.

"ಎಡಕ್ಕೆ, ಎಡಕ್ಕೆ ಅಂತ ಬಡ್ಕೋತಾನೇ ಇದ್ನಲ್ಲ!" ಎಂದ ಪಕ್ಕದಲ್ಲಿ ಕೂತಿದ್ದ ಗಂಡ.

"ನೀವು ಎಡಕ್ಕೆ ಅಂದದ್ದು ಚರಂಡಿಗೆ ಕಣ್ರೀ."

ಗಂಡ ದರ್ಜಿ. ಹೋದ ವಾರ ಒಬ್ಬ ಸೈಕಲ್ಲಿನವನು ಕೂದಲೆಳೆಯಲ್ಲಿ ಪಾರಾದ ಮೇಲೆ, ರಾತ್ರಿ ಹೆರಿಗೆಗೆ ಕರೆ ಬಂದಾಗಲೆಲ್ಲ ಅವನೂ ಜೊತೆಗೆ ಹೊರಡುತ್ತಿದ್ದ. ಅವನ ಕಣ್ಣೋ, ದೇವರಿಗೇ ಪ್ರೀತಿ. ಕನ್ನಡಕವಿದ್ದರೂ ಸೂಜಿಗೆ ದಾರ ಪೋಣಿಸಲು ಹೆಂಡತಿಯನ್ನು ಕೂಗಲು ಶುರುಮಾಡಿ ಎರಡು ವರ್ಷವಾಗಿತ್ತು. ಕುರುಡನಿಗೆ ಕುರುಡ ದಾರಿ ತೋರಿಸಿದ ಹಾಗಿತ್ತು ಅವರಿಬ್ಬರ ಸವಾರಿ.

ಮೂರು ತಿಂಗಳಿಂದ ಇದೇ ಗೋಳು. ಹಗಲಲ್ಲಿ ಎಲ್ಲ ನೆಟ್ಟಗಿರುತ್ತಿತ್ತು, ಕತ್ತಲಾದರೆ ಎದುರಿನ ಒಂದೊಂದು ದೀಪವೂ ಸೂರ್ಯನಾಗುತ್ತಿತ್ತು. ಅವಳ ಅಮ್ಮನಿಗೂ ಐವತ್ತೆರಡರಲ್ಲಿ ಹೀಗೇ ರಾತ್ರಿಯಿಂದಲೇ ಶುರುವಾಗಿ, ಐವತ್ತೈದಕ್ಕೆ ಗೋಡೆ ಹಿಡಿದು ನಡೆಯುವ ಗತಿ ಬಂದಿತ್ತು. ಈಗ ಇವಳಿಗೆ ಐವತ್ತೆರಡು. ಕಣ್ಣಿನ ಡಾಕ್ಟರ ಬಾಯಿಂದ ಆ ಮಾತು ಕೇಳುವ ಧೈರ್ಯವಿಲ್ಲದೆ, ರಾತ್ರಿ ಕೆಲಸ ಬಿಡುವ ಪತ್ರವೊಂದನ್ನು ಬರೆದು ಹೆರಿಗೆ ಚೀಲದ ತಳದಲ್ಲಿ ಇಟ್ಟುಕೊಂಡಿದ್ದಳು. ಮಕ್ಕಳೇನು ಗಡಿಯಾರ ನೋಡಿ ಹುಟ್ಟುತ್ತವೆಯೇ? ರಾತ್ರಿ ಬಾರದ ಸೂಲಗಿತ್ತಿ ಇದ್ದರೂ ಒಂದೇ, ಬಿಟ್ಟರೂ ಒಂದೇ. ಮೂವತ್ತು ವರ್ಷದ ಕೆಲಸ ಅಲ್ಲಿಗೆ ಮುಗಿದಂತೆಯೇ.

ಫೋನ್ ಹೊಡೆದುಕೊಂಡಿತು. "ನೋವು ಜಾಸ್ತಿ ಆಗಿದೆಯಾ? ಗಾಬರಿ ಬೇಡ, ಎಡಕ್ಕೆ ತಿರುಗಿಸಿ ಮಲಗಿಸಿ. ಹತ್ತೇ ನಿಮಿಷ, ಬಂದೆ," ಎಂದಳು. ಫೋನ್ ಇಟ್ಟು ಗಂಡನ ಕಡೆ ತಿರುಗಿದಳು. "ಇವತ್ತೇ ಕೊನೆ ರೀ. ನನ್ನ ಕಣ್ಣು ಹೋಯ್ತು."

ಗಂಡ ಜೇಬಿನಿಂದ ಮಡಿಸಿದ ಬಟ್ಟೆ ತೆಗೆದು, ಮುಂದಕ್ಕೆ ಬಗ್ಗಿ, ಗಾಜಿನ ಒಳಮೈಯನ್ನು ಮೂಲೆಮೂಲೆಯೂ ಬಿಡದೆ ಒರೆಸಿದ. ಬೆಳಕು ಕಣ್ಣಿಗೆ ಹೊಡೆಯುತ್ತದೆ ಎಂದು ಅವಳು ಮೊದಲ ಸಲ ಗೊಣಗಿದ ದಿನದಿಂದ ಒಂದು ಸಂಜೆಯೂ ತಪ್ಪಿಸದೆ ಅವನು ಒರೆಸಿದ್ದ. ಅವಳ ಗೊಣಗಾಟ ಹೆಚ್ಚಿದಂತೆ ಇವನ ಒರೆಸಾಟವೂ ಹೆಚ್ಚಿತ್ತು.

ಮನಸ್ಸು ಕೆಟ್ಟಾಗ ಕೈ ತೊಳೆಯುವುದು ಸೂಲಗಿತ್ತಿಯ ಅಭ್ಯಾಸ. ಚೀಲದಿಂದ ಸ್ಪಿರಿಟ್ ತೆಗೆದು, ಹತ್ತಿಗೆ ಹಾಕಿ ಬೆರಳು ಉಜ್ಜಿಕೊಂಡಳು. "ಎಷ್ಟು ಒರೆಸಿದ್ರೂ ಅಷ್ಟೇ ಬಿಡಿ. ಅದೋ ಅಲ್ಲಿ, ಆ ತಿರುವು ಕಾಣತ್ತಾ ನಿಮಗೆ?" ಎಂದು ತೋರಿಸುವಾಗ ಕೈಯಲ್ಲಿದ್ದ ಹತ್ತಿ ಗಾಜಿಗೆ ತಾಗಿ ಒಂದು ಗೆರೆ ಎಳೆಯಿತು. ಅಷ್ಟರಲ್ಲಿ ತಿರುವಿನಿಂದ ಒಂದು ಬಸ್ಸು ಬಂತು. ಗಾಜಿನ ತುಂಬ ಮತ್ತೆ ಅದೇ ಬಿಳುಪು. ಆದರೆ ಆ ಬೆರಳಗಲದ ಗೆರೆಯೊಳಗೆ ಎರಡು ದೀಪಗಳು, ದುಂಡಗೆ, ಬೇರೆಬೇರೆಯಾಗಿ ನಿಂತಿದ್ದವು.

ಅವಳು ಉಸಿರು ಬಿಗಿಹಿಡಿದು ಇನ್ನೊಂದು ಗೆರೆ ಎಳೆದಳು. ಆಮೇಲೆ ಗಂಡನ ಕೈಯಿಂದ ಬಟ್ಟೆ ಕಿತ್ತುಕೊಂಡು ಮೂಸಿ ನೋಡಿದಳು.

"ಇದ್ಯಾವ ಬಟ್ಟೆ ರೀ?"

"ಅಂಗಡೀಲಿ ಇರೋದ್ರಲ್ಲೇ ಮೆತ್ತನೇದು. ಹೊಲಿಗೆ ಮೆಷಿನ್ ಒರೆಸೋದು. ಗಾಜಿಗೆ ಒಂದು ಗೀರು ಬೀಳಬಾರದು ಅಂತ ತಂದೆ."

"ಎಣ್ಣೆ ಹಾಕಿ ಒರೆಸೋದಾ?"

"ಎಣ್ಣೆ ಹಾಕದೆ ಮೆಷಿನ್ ಓಡತ್ತೇನೇ?"

ಸೂಲಗಿತ್ತಿಗೆ ನಗು ಉಕ್ಕಿತು. ನಗುತ್ತ ನಗುತ್ತ ಅಳು ಬಂತು, ಅಳುತ್ತಲೇ ಅರ್ಧ ಬಾಟಲಿ ಸ್ಪಿರಿಟ್ ಸುರಿದು ಗಾಜನ್ನು ತಿಕ್ಕಿದಳು. ಹತ್ತಿ ಕರ್ರಗಾಯಿತು. ಕಾರು ಹೊರಟಿತು. ಒಂದು ಕಾರು ಬಂತು, ಹೋಯಿತು. ಒಂದು ಲಾರಿ ಬಂತು, ಅದೂ ಹೋಯಿತು. ದೀಪ ದೀಪವಾಗಿತ್ತು, ರಸ್ತೆ ರಸ್ತೆಯಾಗಿತ್ತು. ಎದೆಯ ಮೇಲಿನ ಕಲ್ಲು ಇಳಿದು ಅವಳಿಗೆ ಎಷ್ಟೋ ದಿನದ ಮೇಲೆ ಹಸಿವಾಯಿತು. ಪತ್ರ ಹರಿಯುವುದಕ್ಕೆ ನಾಳೆ ಬೇಕಾದಷ್ಟು ಹೊತ್ತಿದೆ ಎಂದುಕೊಂಡಳು.

ಹೆರಿಗೆಯ ಮನೆಯ ಮುಂದೆ ಕಾರು ನಿಂತಾಗ ಗಂಡ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದ. "ಒಳ್ಳೇದು ಮಾಡಕ್ಕೆ ಹೋಗಿ ನಿನ್ನ ಕಣ್ಣಿಗೇ ಮಣ್ಣೆರಚಿದೆ ನೋಡು," ಎನ್ನುತ್ತ, ಇಷ್ಟು ವರ್ಷದ ಅಭ್ಯಾಸದಂತೆ ಕನ್ನಡಕ ತೆಗೆದು ಅದೇ ಬಟ್ಟೆಯಿಂದ ಒರೆಸತೊಡಗಿದ.

ಬಾಗಿಲು ತೆರೆದಿದ್ದ ಸೂಲಗಿತ್ತಿ ಹಾಗೇ ನಿಂತಳು. ಮರುಗಳಿಗೆ ಕನ್ನಡಕ ಕಿತ್ತುಕೊಂಡು, ಉಳಿದ ಹತ್ತಿಗೆ ಸ್ಪಿರಿಟ್ ಹಾಕಿ ಎರಡೂ ಬದಿ ತಿಕ್ಕಿ, ತೋಳಿಗೆ ಒರೆಸಿ, ಅವನ ಮೂಗಿನ ಮೇಲೆ ತಾನೇ ಏರಿಸಿದಳು. ಅವನು ಮನೆಯ ಕಿಟಕಿ ನೋಡಿದ, ತನ್ನ ಹತ್ತೂ ಬೆರಳು ನೋಡಿಕೊಂಡ. ಕೊನೆಗೆ ಚೀಲ ಹಿಡಿದು ಬಾಗಿಲ ದೀಪದಡಿ ಓಡುತ್ತಿದ್ದ ಹೆಂಡತಿಯನ್ನು ನೋಡಿ, ಕೂಗಿಯೇ ಬಿಟ್ಟ:

"ಅಯ್ಯೋ, ನಿನ್ನ ತಲೆ ಯಾವಾಗ ಇಷ್ಟು ಬೆಳ್ಳಗಾಯ್ತೇ?"