ಉಡಿಸುವ ಕೈ

ಬೀಗಿತಿ ಮತ್ತೆ ಅವಳ ಕೈಯನ್ನೇ ನೋಡುತ್ತಿದ್ದರು. ಮುಖವನ್ನಲ್ಲ, ಕೈಯನ್ನು.

ಅವರಿನ್ನೂ ಪೂರ್ತಿ ಬೀಗಿತಿ ಆಗಿರಲಿಲ್ಲ. ಮದುವೆಗೆ ಒಂದು ತಿಂಗಳಿತ್ತು, ಒಂದು ತಿಂಗಳಲ್ಲಿ ಏನು ಬೇಕಾದರೂ ಮುರಿದು ಬೀಳಬಹುದು. ಮಗಳ ಎರಡು ಸಂಬಂಧಗಳು ಹಾಗೆಯೇ ಮುರಿದಿದ್ದವು, ಅಮ್ಮನ ಕೆಲಸ ಏನೆಂದು ಗೊತ್ತಾದ ಮರುದಿನವೇ. ಈ ಮೂರನೆಯದು ತಾನಾಗಿ ಬಂದದ್ದು. ಗುರುತು ಪರಿಚಯವಿಲ್ಲದ ಹೆಂಗಸೊಬ್ಬರು ಬೆಳಿಗ್ಗೆ ಬಾಗಿಲು ತಟ್ಟಿ, ಕೂತು, ತಮ್ಮ ಮಗನಿಗೆ ಅವಳ ಮಗಳನ್ನು ಕೇಳಿದ್ದರು. ಆವತ್ತೂ ಕೈ ನೋಡಿದ್ದರು.

"ಅವರಿಗೆ ಬ್ಯೂಟಿ ಪಾರ್ಲರ್ ಅಂತ ಹೇಳಿದೀನಮ್ಮ. ನೀನು ಬಾಯಿ ಬಿಡಬೇಡ," ಎಂದು ಮಗಳು ಗದರಿದ್ದಳು. ಪೂರ್ತಿ ಸುಳ್ಳೂ ಅಲ್ಲ. ಮುಖ ಒರೆಸುವುದು, ತಲೆ ಬಾಚುವುದು, ಬಟ್ಟೆ ಉಡಿಸುವುದು: ಇಪ್ಪತ್ತು ವರ್ಷದಿಂದ ಅವಳು ಮಾಡುತ್ತ ಬಂದದ್ದು ಅದನ್ನೇ.

ಸಮುದಾಯ ಭವನದಲ್ಲಿ ಈ ದಿನ ಜಪಾನಿ ಹಬ್ಬ. ಊರಿನ ಏಳೆಂಟು ಜಪಾನಿ ಕುಟುಂಬಗಳು ಸೇರಿ ಎಲ್ಲರನ್ನೂ ಕರೆದಿದ್ದವು. ಒಂದು ಮೂಲೆಯಲ್ಲಿ ಕಾಗದದ ಕೊಕ್ಕರೆ, ಇನ್ನೊಂದರಲ್ಲಿ ಚಹಾ, ಪರದೆಯ ಹಿಂದೆ ಅವರ ನಿಲುವಂಗಿ ಕಿಮೋನೊ ಉಡಿಸುವುದು. ಉಡಿಸಲು ಜನ ಸಾಲದು ಎಂದಾಗ, ಬಾಯಿ ಬಿಡಬೇಡ ಎಂದಿದ್ದ ಮಗಳೇ "ನಮ್ಮಮ್ಮನಿಗೆ ಬರುತ್ತೆ" ಎಂದು ಕೊಚ್ಚಿಕೊಂಡಳು. ಬರುವುದು ನಿಜವೇ. ಆರು ವರ್ಷದ ಹಿಂದೆ ಜಪಾನಿ ಅಜ್ಜಿಯೊಬ್ಬರು ತಮ್ಮ ಗಂಡನಿಗೆ ಉಡಿಸುವಾಗ ಅವಳ ಕೈ ಹಿಡಿದು ಒಂದೊಂದು ಮಡಿಕೆಯನ್ನೂ ಕಲಿಸಿದ್ದರು. ಅಜ್ಜ ತುಟಿಪಿಟಕ್ಕೆನ್ನದೆ ಉಡಿಸಿಕೊಂಡಿದ್ದರು.

ಆಗಲೇ ಅಂಚೆಯಣ್ಣನಿಗೂ ಹಲ್ಲಿನ ಡಾಕ್ಟರಿಗೂ ಉಡಿಸಿ ಕಳಿಸಿದ್ದಳು. ಮೂರನೆಯವರಾಗಿ ಬೀಗಿತಿ ಬಂದು ನಿಂತರು. ಉಡಿಸುವವರು ಇನ್ನೊಬ್ಬರಿದ್ದರೂ "ನೀವೇ ಉಡಿಸಿ" ಎಂದರು.

ಇದು ಪರೀಕ್ಷೆಯೇ ಎಂದುಕೊಂಡಳು. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಮನಸ್ಸು ಮರಗಟ್ಟಿ ಎಷ್ಟೋ ವರ್ಷವಾಗಿತ್ತು; ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಬೀಗಿತಿಯ ಕೈಗಳನ್ನು ಒಂದೊಂದಾಗಿ ತಾನೇ ಎತ್ತಿ ಕಿಮೋನೊದ ತೋಳಿಗೆ ತೂರಿಸಿದಳು.

"ನಾನೇ ಎತ್ತುತೀನಲ್ಲ."

"ರೂಢಿ," ಎಂದಳು. ಕತ್ತಿನ ಹಿಂದೆ ಅಂಗೈ ಕೊಟ್ಟು, ಎದುರು ನಿಂತೇ ತಲೆ ಬಾಚಿದಳು. ಸೊಂಟದ ಪಟ್ಟಿ ಬಿಗಿದಳು.

"ಸ್ವಲ್ಪ ಸಡಿಲ ಮಾಡಿ. ಉಸಿರಾಡಬೇಕಲ್ಲ."

"ಹೌದಲ್ಲ," ಎಂದಳು, ಅದು ಹೊಳೆದೇ ಇರಲಿಲ್ಲ ಎಂಬಂತೆ.

ಅಷ್ಟರಲ್ಲಿ ಪರದೆ ಸರಿಯಿತು. ಚಹಾದ ಮೂಲೆ ನೋಡಿಕೊಳ್ಳುತ್ತಿದ್ದ ಜಪಾನಿ ಟೀಚರ್ ಒಬ್ಬರು ಏದುಸಿರು ಬಿಡುತ್ತ ಬಂದಿದ್ದರು. ಅವರ ಹಿಂದೆ ಕಿಮೋನೊ ತೊಟ್ಟ ಅಂಚೆಯಣ್ಣ, ಕೈಯಲ್ಲಿ ತಿಂಡಿಯ ತಟ್ಟೆ ಹಿಡಿದು, ತಾನೇನು ತಪ್ಪು ಮಾಡಿದೆನೋ ಎಂದು ಕಣ್ಣು ಕಣ್ಣು ಬಿಡುತ್ತಿದ್ದ.

"ಎಡಗಡೆ ಅಂಚು ಮೇಲೆ ಬರಬೇಕು," ಟೀಚರ್ ದನಿ ತಗ್ಗಿಸಿದರು. "ನೀವು ಎಲ್ಲರಿಗೂ ಬಲಗಡೇದು ಮೇಲೆ ತಂದಿದ್ದೀರಿ. ಹಾಗೆ ನಾವು ಸತ್ತವರಿಗೆ ಮಾತ್ರ ಉಡಿಸೋದು. ಯಾರು ಕಲಿಸಿದ್ದು ನಿಮಗೆ?"

ಪಕ್ಕದಲ್ಲಿ ಪಿನ್ನು ಹಿಡಿದು ನಿಂತಿದ್ದ ಮಗಳ ಮುಖ ಬಿಳಿಚಿಕೊಂಡಿತು. ಮೂರನೆಯ ಸಂಬಂಧವೂ ಹೋಯಿತು ಎಂದು ಅಮ್ಮ ಅಂದುಕೊಂಡಳು, ಯಾರದೋ ಮನೆಯ ಸುದ್ದಿ ಕೇಳಿದಷ್ಟು ತಣ್ಣಗೆ. ಕೈ ಮಾತ್ರ ಸೊಂಟದ ಪಟ್ಟಿಯ ಮೇಲೆ ಕೆಲಸ ಮರೆತು ನಿಂತುಬಿಟ್ಟಿತು, ಇಪ್ಪತ್ತು ವರ್ಷದಲ್ಲಿ ಮೊದಲ ಸಲ.

ಬೀಗಿತಿ ಆ ಕೈಯನ್ನು ಹಿಡಿದುಕೊಂಡರು.

"ಶವಾಗಾರದಲ್ಲಿ ನಮ್ಮಮ್ಮನ ತಲೇನೂ ಹೀಗೇ ಎದುರು ನಿಂತು ಬಾಚಿದ್ರಿ, ನಾನು ಬಾಗಿಲಲ್ಲೇ ನಿಂತಿದ್ದೆ, ವಿಳಾಸ ಹುಡುಕಿಕೊಂಡು ನಿಮ್ಮನೆಗೇ ಬಂದು ಹೆಣ್ಣು ಕೇಳಿದ್ದು ಸುಮ್ಮನೆ ಅಂದ್ಕೊಂಡ್ರಾ?"